ಎಣ್ಣೆ ಮಿಷಿನ್ನಿನ ಕುಂಕುಮ

ಸೋಲಾರ್ ಕಂಪನಿಯೊಂದಕ್ಕೆ ದುಡ್ಡು ಹಾಕಿದ ವಿದೇಶಿಯರು ಊರಿನ ಮಹಿಳಾ ಉದ್ಯಮಿಯನ್ನು ನೋಡಲು ಬರುತ್ತಾರೆಂದು, ಕಂಪನಿಯವರು ಹಿಂದಿನ ದಿನವೇ ಬಲಸಮುದ್ರದ ನನ್ನ ಚಿಕ್ಕಮ್ಮನ ಜಗಲಿಯಲ್ಲಿ ಸೋಲಾರಿನಲ್ಲಿ ಓಡುವ, ಕಡಲೆಕಾಯಿ ಎಣ್ಣೆ ತೆಗೆಯುವ ಮಿಷಿನ್ ತಂದಿಟ್ಟರು. ತನಗೇ ಕೊಟ್ಟರೆಂದುಕೊಂಡ ಚಿಕ್ಕಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಕಾಯಿ ಒಡೆದಳು.

ಬಂದವರಿಗೆ ಆ ಕುಂಕುಮ ಬಹಳ ಹಿಡಿಸಿತು. ಅವಳನ್ನು ಮಿಷಿನ್ನಿನ ಪಕ್ಕದಲ್ಲಿ ನಿಲ್ಲಿಸಿ ಫೋಟೊ ಹೊಡೆದುಕೊಂಡರು. ಎಣ್ಣೆ ಬರುತ್ತದೆಯೇ ಎಂದು ಒಬ್ಬನೂ ಕೇಳಲಿಲ್ಲ. ಮಿಷಿನ್ನಿಗೆ ಕರೆಂಟನ್ನೇ ಕೊಟ್ಟಿರಲಿಲ್ಲ.

ಅವರ ಕಾರು ಊರು ದಾಟುತ್ತಲೇ ಕಂಪನಿಯವನು ಟೆಂಪೊ ತರಿಸಿದ. "ಬಾಡಿಗೆ ಮಿಷಿನ್ ಕಣಮ್ಮ, ಇಂಗೆಲ್ಲ ಬಳಿದ್ರೆ ಹೆಂಗೆ? ಒರೆಸಿಕೊಡು" ಎಂದ. ಚಿಕ್ಕಮ್ಮ ಸೆರಗಿನಲ್ಲೇ ಒರೆಸಿಕೊಟ್ಟಳು.

ಕಂಪನಿಯ ಕ್ಯಾಲೆಂಡರಿನಲ್ಲಿ ಈಗ ಅವಳು ಉದ್ಯಮಿ. ಕುಂಕುಮ ಅಲ್ಲಿ ಹಾಗೇ ಇದೆ.