ಬೀಳದೆ ಉಳಿದ ಹೂವು

ಪೇಟೆಯಿಂದ ಹೊಳೆಯ ತನಕದ ರಸ್ತೆ ಹೇಗಿರಬೇಕೆಂದು ತೀರ್ಮಾನಿಸಿದ್ದು ಎರಡು ಕಣಗಿಲೆ ಹೂವು ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಅವತ್ತು ನನಗಂತೂ ನಗು ಬಂದಿರಲಿಲ್ಲ.

ನಮ್ಮ ರಾಮದುರ್ಗದ ಹಳೆಯ ಪೇಟೆಗೂ ಮಲಪ್ರಭೆಗೂ ನಡುವೆ ಇಕ್ಕಟ್ಟಾದ ಒಂದು ಓಣಿ. ಎರಡೂ ಕಡೆ ಮನೆ, ಮನೆಯ ಮುಂಭಾಗದಲ್ಲೇ ಅಂಗಡಿ. ಪೇಟೆಯನ್ನೂ ಹೊಳೆದಂಡೆಯನ್ನೂ ಸುಧಾರಿಸುವ ದೊಡ್ಡ ಯೋಜನೆ ಬಂದಾಗ ನಾವೆಲ್ಲ ಖುಷಿಪಟ್ಟವರೇ. ನಕ್ಷೆ ಹಿಡಿದು ಬಂದ ಎಂಜಿನಿಯರ್ ಹುಡುಗಿ ಚೆನ್ನಾಗಿಯೇ ವಿವರಿಸಿದಳು. ಮೊಮ್ಮಕ್ಕಳ ಕಾಲಕ್ಕೂ ಸಾಲುವಂಥ ಕೆಲಸವಂತೆ. ಓಣಿ ಅಗಲವಾಗಿ ನೆರಳಿನ ಗಿಡ ಬರುತ್ತವೆ, ಹೊಳೆಗೆ ಹೊಸ ಮೆಟ್ಟಿಲು, ದಂಡೆಗೆ ಗಟ್ಟಿ ಕಟ್ಟೆ. ಆದರೆ ಓಣಿ ಅಗಲವಾಗಲು ಒಂದು ಸಾಲಿನ ಮನೆಗಳ ಮುಂಭಾಗ ಒಡೆಯಬೇಕು. ಯಾವ ಸಾಲಾದರೂ ನಡೆಯುತ್ತದೆ, ನೀವೇ ಮಾತಾಡಿಕೊಂಡು ಹೇಳಿ ಎಂದು ಬಿಟ್ಟು ಹೋದಳು. ಅಲ್ಲಿಗೆ ನಮ್ಮ ಓಣಿ ಎರಡು ಊರಾಯಿತು.

ನನ್ನ ಗಂಡ ಹೊಳೆದಂಡೆಯ ಹನುಮಪ್ಪನ ಅರ್ಚಕರು. ನಾನು ಮನೆಯ ಮುಂದಿನ ಪಡಸಾಲೆಯಲ್ಲಿ ಹಪ್ಪಳ, ಶಾವಿಗೆ ಮಾರುತ್ತೇನೆ. ಒಂದೇ ಗೋಡೆಯ ಆಚೆ ಬಳೆ ಅಂಗಡಿಯಾಕೆ. ಗಂಡ ತೀರಿಕೊಂಡ ಮೇಲೆ ಹಿಂದಿನ ಭಾಗವೆಲ್ಲ ಮೈದುನರ ಪಾಲಾಗಿ, ಆಕೆಗೆ ಉಳಿದದ್ದು ಮುಂದಿನ ಒಂದು ಖೋಲಿ. ಬಳೆ ತೊಡಿಸುವುದೂ ಅಲ್ಲೇ, ಮಲಗುವುದೂ ಅಲ್ಲೇ. ಮುಂಭಾಗ ಒಡೆದರೆ ನಮಗೆ ಅಂಗಡಿ ಹೋಗುತ್ತಿತ್ತು, ಆಕೆಗೆ ಇದ್ದದ್ದೆಲ್ಲ ಹೋಗುತ್ತಿತ್ತು.

ಸಭೆಯ ಮೇಲೆ ಸಭೆ ಆದವು. ಎಲ್ಲರಿಗೂ ರಸ್ತೆ ಬೇಕು, ಗೋಡೆ ಮಾತ್ರ ಎದುರಿನವರದು ಬೀಳಬೇಕು. ಕೊನೆಗೆ ಎದುರು ಸಾಲಿನ ಕಿರಾಣಿ ಸಾಹುಕಾರರು ಹನುಮಪ್ಪನಿಗೇ ಹೂ ಹಚ್ಚಿ ಕೇಳೋಣ ಎಂದರು. ನಮ್ಮಲ್ಲಿ ಹೊಲದ ಪಾಲಾಗಲಿ, ಬಾವಿಯ ಜಾಗವಾಗಲಿ, ಮನುಷ್ಯರ ಕೈಲಿ ಬಗೆಹರಿಯದ್ದು ಹೀಗೇ ಬಗೆಹರಿಯುತ್ತದೆ. ಎರಡು ಹೂವನ್ನು ಬರೀ ನೀರಿನಲ್ಲಿ ಅದ್ದಿ ಮೂರ್ತಿಯ ಎರಡು ಭುಜಕ್ಕೆ ಅಂಟಿಸುವುದು. ಮೊದಲು ಬಿದ್ದದ್ದು ದೇವರ ಮಾತು. ಬಲಕ್ಕೆ ಎದುರು ಸಾಲು, ಎಡಕ್ಕೆ ನಮ್ಮ ಸಾಲು ಎಂದಾಯಿತು. ಯಾರ ಹೂವು ಬಿದ್ದಿತೋ ಅವರು ಜಾಗ ಬಿಡಬೇಕು.

ನಾನು ದಂಗಾದೆ. ಅಷ್ಟು ದಿನ ಟೇಪು ಹಿಡಿದು ಅಳೆದದ್ದು, ಬಣ್ಣ ಬಣ್ಣದ ನಕ್ಷೆ ಬರೆದದ್ದು ಎಲ್ಲ ಈ ಹೂವಿಗಾಗಿಯೇ? ಅದೂ ಹೂ ಹಚ್ಚುವ ಕೈ ನನ್ನ ಗಂಡನದು. ಎದುರು ಸಾಲಿನವರು ಪೂಜೆಯುದ್ದಕ್ಕೂ ಅವರ ಬೆರಳುಗಳನ್ನೇ ನೋಡುತ್ತ ನಿಂತಿದ್ದರು. ಕಳ್ಳನನ್ನು ಕಾಯುವ ಹಾಗಿತ್ತು ಆ ನೋಟ, ನನಗೆ ಮೈ ಉರಿಯಿತು.

ಮಂಗಳಾರತಿ ಮುಗಿಸಿ, ಹೂ ಹಚ್ಚಿ ಇವರು ಪಕ್ಕಕ್ಕೆ ಸರಿದರು. ಬಳೆ ಅಂಗಡಿಯಾಕೆ ನನ್ನ ತೋಳು ಹಿಡಿದಿದ್ದಳು. ಎಡಭುಜದ ಹೂವು ಜಾರಿ ಬಿತ್ತು. ಆಕೆ ನನ್ನ ತೋಳು ಬಿಟ್ಟು ಮನೆಯ ಕಡೆ ನಡೆದಳು.

ಹಿಂದಿನ ದಿನದ ಹೂವನ್ನು ಇವರು ಬುಟ್ಟಿಯಲ್ಲಿ ತೆಗೆದಿಟ್ಟರೆ ಹೊಳೆಗೆ ಬಿಡುವುದು ನನ್ನ ಕೆಲಸ. ಮರುದಿನ ಬೆಳಿಗ್ಗೆ ಬುಟ್ಟಿಯ ಮೇಲೆಯೇ ಇತ್ತು, ಬೀಳದೆ ಉಳಿದ ಆ ಬಲಭುಜದ ಹೂವು. ಅದರ ಬೆನ್ನಿಗೆ ಗಂಧ ಮೆತ್ತಿತ್ತು, ಒಣಗಿ ಗಟ್ಟಿಯಾಗಿತ್ತು. ಕೇಳುವ ಹೂವಿಗೆ ಗಂಧ ಮುಟ್ಟಿಸಬಾರದು, ಅಂಟಿಕೊಂಡರೆ ಅದು ಬೀಳುವುದೇ ಇಲ್ಲ ಎಂಬುದು ನಾನು ಈ ಮನೆಗೆ ಬಂದ ಹೊಸತರಲ್ಲೇ ಅತ್ತೆ ಹೇಳಿಕೊಟ್ಟ ಪಾಠ. ತುಪ್ಪದ ದೀಪಕ್ಕೆ ಹನಿ ಎಣ್ಣೆ ಬೆರೆಸಲೂ ಒಪ್ಪದ ಮನುಷ್ಯ ಇವರು. ಬುಟ್ಟಿ ಸಮೇತ ಮನೆಗೆ ಬಂದು ಅವರ ಮುಂದೆ ಹಿಡಿದೆ.

ಅವರು ಮುಚ್ಚಿಡಲಿಲ್ಲ. "ನಾ ಹಚ್ಚಿದ ಹೂವಿನಿಂದ ನಮ್ಮ ಮನೀನ ಉಳದಿದ್ರ, ಭಟ್ಟ ಮೋಸ ಮಾಡ್ಯಾನ ಅಂತಿದ್ರು. ಮುಂದ ಯಾರೂ ಹನುಮಪ್ಪನ್ನ ಕೇಳ್ತಿರಲಿಲ್ಲ."

"ಅದಕ್ಕ ಖರೇನ ಮೋಸ ಮಾಡಿಬಿಟ್ರಿ?"

ಅವರು ನನ್ನ ಕೈಯಿಂದ ಬುಟ್ಟಿ ತೆಗೆದು ಕೆಳಗಿಟ್ಟರು. ದೇವರು ತಾನಾಗಿ ಏನು ಹೇಳುತ್ತಿದ್ದನೋ ಅದಾದರೂ ನಿಮಗೆ ಗೊತ್ತೇ ಎಂದು ಕೇಳಿದೆ.

"ಇಲ್ಲ. ಕೇಳಲಿಕ್ಕೆ ಧೈರ್ಯ ಆಗಲಿಲ್ಲ."

"ನಮ್ಮ ಮನಿ ನಿಮ್ಮದು, ಕೊಟ್ರಿ. ಬಾಜೂದಾಕಿ ಖೋಲಿ ಕೊಡಲಿಕ್ಕೆ ನೀವ್ಯಾರು?"

ಅವರ ಮುಖ ನೋಡಿದೆ. ಆ ಯೋಚನೆ ಅವರಿಗೆ ಬಂದೇ ಇರಲಿಲ್ಲ. ತಾವು ಕಳೆದುಕೊಳ್ಳುವ ಗುಂಗಿನಲ್ಲಿ ಗೋಡೆಯಾಚೆ ಒಬ್ಬಳಿದ್ದಾಳೆ ಎಂಬುದನ್ನೇ ಮರೆತಿದ್ದರು. ಮೋಸಕ್ಕಿಂತ ಇದು ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು.

ಓಣಿಗೆಲ್ಲ ಸಾರಿಬಿಡುತ್ತೇನೆ, ಆದದ್ದಾಗಲಿ ಎಂದು ಸೆರಗು ಬಿಗಿದು ಹೊರಗೆ ಬಂದೆ. ನಮ್ಮ ಕಟ್ಟೆಯ ಮೇಲೆ ಬಳೆ ಅಂಗಡಿಯಾಕೆ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು, ದನಿ ಮಾತ್ರ ಶಾಂತವಾಗಿತ್ತು.

"ಮನಷ್ಯಾರು ಕಸಗೊಂಡಿದ್ರ ಎದಿ ಒಡಕೊಂಡು ಸಾಯತಿದ್ದೆ, ಅಕ್ಕಾರ. ದೇವರು ಕೇಳ್ಯಾನ. ಅದಕ್ಕ ತಡಕೊಂಡೇನಿ."

ಬಿಗಿದ ಸೆರಗನ್ನು ಸಡಿಲ ಬಿಟ್ಟೆ. ಆಮೇಲೆ, ಚಹಾ ಕುಡಿಯುತ್ತೀರಾ ಎಂದು ಕೇಳಿದೆ.