ಗೃಹಪ್ರವೇಶದ ಹಸು

ಅಪ್ಪ ಹೊಸ ಮನೆ ಕಟ್ಟುವ ಸೈಟುಗಳಲ್ಲಿ ವಾಚ್‌ಮನ್ ಆಗಿದ್ದ. ಪಾಯ ತೆಗೆಯುವಾಗ ಸೈಟಿನ ಮೂಲೆಯಲ್ಲಿ ನಮಗೊಂದು ಶೀಟಿನ ಶೆಡ್ ಏಳುತ್ತಿತ್ತು, ಗೃಹಪ್ರವೇಶದ ದಿನ ಬೀಳುತ್ತಿತ್ತು. ಸೈಟು ಬದಲಾದಂತೆಲ್ಲ ನನ್ನ ಸರ್ಕಾರಿ ಶಾಲೆಯೂ ಬದಲಾಗುತ್ತಿತ್ತು. ಊರಿಗೆಲ್ಲ ಗೃಹಪ್ರವೇಶವೆಂದರೆ ಸಂಭ್ರಮ. ನನಗೆ ಟೈಲ್ಸ್ ಇಳಿಸುವ ಲಾರಿ ಕಂಡರೆ ಹೊರಡುವ ದಿನ ಹತ್ತಿರವಾಯಿತೆಂದೇ ಲೆಕ್ಕ.

ಗೋಕುಲಂ ಸೈಟಿನಲ್ಲಿದ್ದಾಗ ನಾನು ಆರನೇ ಕ್ಲಾಸು. ಅಲ್ಲಿ ಜೀವದ ಗೆಳತಿಯೊಬ್ಬಳು ಸಿಕ್ಕಿದಳು. ಅದಕ್ಕೂ ಮುಂಚಿನ ಶಾಲೆಗಳಲ್ಲಿ ನಾನು ‘ಹೊಸ ಹುಡುಗಿ’ಯಾಗಿಯೇ ಬಂದು ಹೋಗಿದ್ದೆ. ಇವಳು ಮೊದಲ ದಿನವೇ ಬಿಸಿಯೂಟದ ಸಾಲಿನಲ್ಲಿ ನನ್ನನ್ನು ತನ್ನ ಮುಂದಕ್ಕೆ ಎಳೆದುಕೊಂಡು, “ಇವ್ಳು ನನ್ನೋಳು ಕಣ್ರೋ” ಎಂದು ಜಗಳಕ್ಕೆ ನಿಂತವಳು. ಅವಳ ಅಜ್ಜಿ ಒಂದು ಹಸು ಸಾಕಿದ್ದಳು. ಹಾಲು ಮಾರುವುದರ ಜೊತೆಗೆ ಗೃಹಪ್ರವೇಶಗಳಿಗೂ ಅದನ್ನು ಹೊಡೆದುಕೊಂಡು ಹೋಗುತ್ತಿದ್ದಳು.

ನಮ್ಮ ಸೈಟಿನ ಮನೆಗೂ ಅದೇ ಹಸುವನ್ನು ಗೊತ್ತುಮಾಡಿದರು. ನಾನು ಅತ್ತೆ. ಗೆಳತಿ ಅಳಲಿಲ್ಲ.

“ಹಸು ಒಳೀಕ್ ಹೋಗ್ಲಿಲ್ಲ ಅಂದ್ರೆ ಮನೆಯೋರೂ ಹೋಗಂಗಿಲ್ಲ ಕಣೇ. ಅವ್ರು ಬರ್ದಿದ್ರೆ ನೀವ್ಯಾಕ್ ಹೋಗ್ತೀರಾ?” ಎಂದಳು.

ಎಂಥಾ ಬುದ್ಧಿ ಎನ್ನಿಸಿತು ನನಗೆ. ಇಬ್ಬರೂ ಪೂರ್ತಿ ನಂಬಿದೆವು.

ಆ ಬೆಳಿಗ್ಗೆ ಅವಳು ಅಜ್ಜಿಗೆ ಗೊತ್ತಾಗದಂತೆ ಹಸುವಿಗೆ ಹೊಟ್ಟೆ ಬಿರಿಯ ಹುಲ್ಲು, ಬೂಸಾ ತಿನ್ನಿಸಿ ತಂದಳು. ಹಗ್ಗ ಅವಳ ಕೈಯಲ್ಲೇ ಇತ್ತು. ಹೊಸಿಲ ಮುಂದೆ ಪುರೋಹಿತರು ಬಾಳೆಹಣ್ಣು ತೋರಿಸಿದರು. ಹಸು ಮೂಸಿ ಮುಖ ತಿರುಗಿಸಿತು. ಬೆಲ್ಲಕ್ಕೂ ಬಗ್ಗಲಿಲ್ಲ. ಟೈಲ್ಸಿನ ಮೇಲೆ ಗೊರಸು ಜಾರಿದ್ದೇ ಹಿಂದಕ್ಕೆ ಸರಿಯಿತು. ನೆಂಟರು ಗುಸುಗುಸು ಶುರುಮಾಡಿದರು. ಯಜಮಾನತಿಯ ಮುಖ ಕಪ್ಪಿಟ್ಟಿತು. ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಚಡಪಡಿಸಿದರು. ಗೆಳತಿ ನನ್ನ ಕಡೆ ನೋಡಿ ನಕ್ಕಳು. ದೇವರಾಣೆಗೂ, ನಾವು ಉಳಿದುಕೊಂಡೆವು ಎಂದೇ ಅಂದುಕೊಂಡೆ.

ಅಷ್ಟರಲ್ಲಿ ಅಪ್ಪ ನಮ್ಮ ಶೆಡ್ಡಿಗೆ ಓಡಿದ. ನಾವು ಹಾಸಿ ಮಲಗುತ್ತಿದ್ದ ಗೋಣಿತಾಟನ್ನು ಎಳೆದು ತಂದು ಹೊಸಿಲಿನ ಒಳಗೆ ಹರಡಿ, ಹಸುವಿನ ಬೆನ್ನು ಸವರಿ, “ಬಾರವ್ವಾ, ಬಾ” ಎಂದು ಮೆಲ್ಲಗೆ ತಳ್ಳಿದ. ಹಸು ನಡೆದೇಬಿಟ್ಟಿತು. ವಾದ್ಯ ಮೊಳಗಿತು, ಹೆಂಗಸರು ಅಕ್ಷತೆ ಎರಚಿದರು. ಹಗ್ಗ ಹಿಡಿದಿದ್ದ ಗೆಳತಿಯೂ ಜೊತೆಗೇ ಒಳಗೆ ಹೋಗಬೇಕಾಯಿತು. ಬಾಗಿಲಲ್ಲಿ ತಿರುಗಿ, “ನಿಮ್ಮಪ್ಪಾನೇ ಕಣೇ!” ಎಂದು ಕೂಗಿ ಅತ್ತಳು. ಆ ಗಲಾಟೆಯಲ್ಲಿ ಅದು ಬೇರೆ ಯಾರಿಗೂ ಕೇಳಿಸಿರಲಾರದು.

ನೆಂಟರ ಊಟ ಮುಗಿಯುವ ಮೊದಲೇ ಶೆಡ್ ಬಿಚ್ಚಿದರು. ಊರಿನ ಇನ್ನೊಂದು ತುದಿಗೆ, ಮಂಡಕಳ್ಳಿಯ ಆಚೆ ಹೊಸ ಸೈಟು. ಗೂಡ್ಸ್ ಆಟೋದಲ್ಲಿ ಪಾತ್ರೆಗಳ ಮಧ್ಯೆ ಕೂತು ಅಪ್ಪನನ್ನು ಕೇಳಿದೆ: “ಗೋಣಿತಾಟು ಯಾಕಪ್ಪಾ ಹಾಕ್ದೆ?”

“ಹಾಕ್ದೇ ಇದ್ದಿದ್ರೆ ಯಜಮಾನ್ರು ಅವ್ರ ತಮ್ಮನ ಸೈಟು ನಮಗೆ ಕೊಡಿಸ್ತಿದ್ರಾ ಮಗಾ? ನೋಡ್ದಾ, ಎಂಗೆ ಮೆಚ್ಕೊಂಬುಟ್ರು!” ಎಂದು ಅಪ್ಪ ಹಿಗ್ಗಿದ.

ಅವನು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಕಂಡದ್ದೇ ಅಪರೂಪ. ಕೋಪ ಮಾಡಿಕೊಳ್ಳಲೂ ಆಗದೆ ರಸ್ತೆ ನೋಡುತ್ತಾ ಕೂತೆ.

ಹೊಸ ಶಾಲೆಯಲ್ಲಿ ಹುಡುಗಿಯೊಬ್ಬಳು ಬೆಂಚಿನಲ್ಲಿ ಸರಿದು ಜಾಗ ಕೊಟ್ಟು ನನ್ನ ಹೆಸರು ಕೇಳಿದಳು. ನಾನು ಹೇಳಲಿಲ್ಲ. ಅವಳದನ್ನೂ ಕೇಳಲಿಲ್ಲ.