ಅನ್‌ಲಿಮಿಟೆಡ್ ಅಂದರೆ ಎಷ್ಟು?

ಆ ಓಣಿಯ ಟೈಲರಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಆದರೆ ಅವಳ ಕೈಗಳಷ್ಟು ವಾಚಾಳಿ ಕೈಗಳು ಬೇರೆಲ್ಲೂ ಸಿಗಲಿಕ್ಕಿಲ್ಲ. ತಂಗಿಯೂ ಹಾಗೆಯೇ. ತಂಗಿ ಮದುವೆಯಾಗಿ ದೂರದ ಊರು ಸೇರಿದ ಮೇಲೆ ಇಬ್ಬರ ಹರಟೆಯೆಲ್ಲ ವಿಡಿಯೊ ಕರೆಯಲ್ಲೇ. ಹೊಲಿಗೆ ಮಷೀನಿಗೆ ಫೋನ್ ಒರಗಿಸಿಕೊಂಡು ಬೆರಳಲ್ಲೇ ಊರ ಸುದ್ದಿಯೆಲ್ಲ ಜಾಲಾಡುತ್ತಿದ್ದರು. ಅದಕ್ಕೆಂದೇ ಅವಳು ‘ಅನ್‌ಲಿಮಿಟೆಡ್’ ಪ್ಲಾನ್ ಹಾಕಿಸಿದ್ದು.

ತಂಗಿಗೆ ಹೆರಿಗೆ ನೋವು ಕಾಣಿಸಿಕೊಂಡ ದಿನ ಬೆಳಗಿನಿಂದ ಕರೆ ಕಡಿಯಲೇ ಇಲ್ಲ. ಅವಳ ಗಂಡ ಲಾರಿ ಹತ್ತಿ ಹೋಗಿದ್ದ, ಆಸ್ಪತ್ರೆಯಲ್ಲಿ ಕೈಭಾಷೆ ಬಲ್ಲವರು ಒಬ್ಬರೂ ಇಲ್ಲ. ಹಾಗಾಗಿ ಟೈಲರಮ್ಮನ ಅತ್ತೆ ಇಲ್ಲಿ ಸೊಸೆಯ ಪಕ್ಕದಲ್ಲೇ ಕೂತು, ನರ್ಸ್ ಹೇಳಿದ್ದನ್ನು ಫೋನಿನಲ್ಲಿ ಕೇಳಿ ಕೈಯಲ್ಲಿ ತಂಗಿಗೆ ತೋರಿಸುತ್ತಿದ್ದಳು. ಸೊಸೆ ಮನೆಗೆ ಬಂದ ವರ್ಷವೇ ಹಟ ಹಿಡಿದು ಕೈಭಾಷೆ ಕಲಿತ ಹೆಂಗಸು ಆಕೆ.

ಮಧ್ಯಾಹ್ನ ನರ್ಸ್ ಗಡಿಬಿಡಿಯಿಂದ ಫೋನಿನ ಮುಂದೆ ಓಡಿಬಂದಳು. “ಮಗು ಅಡ್ಡ ತಿರುಗಿದೆ, ಆಪರೇಷನ್ ಮಾಡ್ಬೇಕು. ಹೆದರ್ಬೇಡ ಅಂತ ಹೇಳಿ ಅಮ್ಮಾ.”

ಅತ್ತೆ ಕೈ ಎತ್ತಿದಳು. ಅಷ್ಟರಲ್ಲಿ ಪರದೆಯ ಮೇಲೆ ತಂಗಿಯ ಮುಖ ಅಲ್ಲಾಡದೆ ನಿಂತಿತು. ಇವತ್ತಿನ ಹೈಸ್ಪೀಡ್ ಡೇಟಾ ಮುಗಿದಿದೆ, ವೇಗ ಬೇಕಿದ್ದರೆ ಮತ್ತೆ ರೀಚಾರ್ಜ್ ಮಾಡಿ ಎಂದು ಮೆಸೇಜ್ ಬಂತು. ಟೈಲರಮ್ಮ ರೀಚಾರ್ಜ್ ಮಾಡಿ ಮತ್ತೆ ಕರೆದರೆ ಆಯಾ ಫೋನ್ ಎತ್ತಿ ತೋರಿಸಿದಳು: ಹಾಸಿಗೆ ಖಾಲಿ.

ತಾಯಿ, ಮಗು ಇಬ್ಬರೂ ಉಳಿದರು. ಆದರೆ ಎಚ್ಚರವಾದ ತಂಗಿ ಕೈಯಾಡಿಸಿ ಹೇಳಿದ್ದು ಇಷ್ಟು: ‘ಏನೂ ಹೇಳದೆ ಎತ್ತಿಕೊಂಡು ಹೋದರು. ಮಗು ಹೋಯಿತು ಅಂದುಕೊಂಡೇ ಕಣ್ಣು ಮುಚ್ಚಿದೆ.’

ಟೈಲರಮ್ಮನಿಗೆ ಅಡಿಯಿಂದ ಮುಡಿವರೆಗೆ ಉರಿದುಹೋಯಿತು. ಮರುದಿನವೇ ಅತ್ತೆಯೊಡನೆ ಕಂಪನಿಯ ಅಂಗಡಿಗೆ ನುಗ್ಗಿದಳು.

“ಅನ್‌ಲಿಮಿಟೆಡ್ಡೇ ಅಮ್ಮಾ,” ಎಂದ ಮ್ಯಾನೇಜರ್, ಮುಗುಳ್ನಗುತ್ತ. “ನೆಟ್ ನಿಲ್ಲಲ್ಲ, ಸ್ಪೀಡ್ ಕಮ್ಮಿಯಾಗುತ್ತೆ ಅಷ್ಟೇ. ಮಾತಾಡೋಕಂತೂ ಲಿಮಿಟ್ಟೇ ಇಲ್ಲ, ದಿನವಿಡೀ ಮಾತಾಡಿ.”

“ಯಾರಿಗಪ್ಪಾ ಹೇಳ್ತಿದೀಯ?” ಅತ್ತೆ ಗುಡುಗಿದಳು. “ನನ್ನ ಸೊಸೆಗೆ ಕೈಯೇ ಬಾಯಿ. ಆ ಬಾಯಿಗೆ ಬಟ್ಟೆ ತುರುಕಿ ಮಾತಾಡು ಅಂತೀಯಲ್ಲ!”

“ಷರತ್ತು ಕೆಳಗಡೆ ಬರೆದಿದೆ ಅಮ್ಮಾ...”

ಟೈಲರಮ್ಮ ಗೋಡೆಯ ಪೋಸ್ಟರಿನತ್ತ ನಡೆದಳು. ಆಳೆತ್ತರದ ಆ ಪದವನ್ನು ತೋರಿಸಿದಳು. ಆಮೇಲೆ ಮಂಡಿಯೂರಿ, ಅಂಚಿನಲ್ಲಿದ್ದ ಇರುವೆಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟಳು. ಅವಳ ಕೈಗಳು ಸಿಟ್ಟಿನಿಂದ ಗಾಳಿ ಸೀಳಿದವು. ಸರದಿಯಲ್ಲಿದ್ದವರೆಲ್ಲ ತಿರುಗಿದರು.

“ಏನಂತಾಳೆ?” ಒಬ್ಬರು ಕೇಳಿದರು.

“ಕೊಡೋಕಾಗದಿದ್ರೆ ಇಷ್ಟೇ ಕೊಡ್ತೀವಿ ಅಂತ ದೊಡ್ಡದಾಗಿ ಬರೀರಿ, ಸುಳ್ಳು ಯಾಕೆ ಮಾರ್ತೀರಿ, ಅಂತಾಳೆ.”

“ನನಗೂ ಹೀಗೇ ಆಯ್ತು!” ಎಂದು ಹಿಂದಿನಿಂದ ಯಾರೋ ಕೂಗಿದರು. ಗಲಾಟೆ ಏರಿತು. ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ, “ಈ ತಿಂಗಳು ನಿಮಗೆ ಎಕ್ಸ್‌ಟ್ರಾ ಡೇಟಾ ಫ್ರೀ” ಎಂದ. ಅತ್ತೆ ಅದನ್ನು ಕೈಯಲ್ಲಿ ಹೇಳಿ ಮುಗಿಸುವ ಮೊದಲೇ ಟೈಲರಮ್ಮ ತಲೆಯಲ್ಲಾಡಿಸಿ, ಮತ್ತೆ ಪೋಸ್ಟರಿನತ್ತಲೇ ಬೊಟ್ಟು ಮಾಡಿದಳು. ಕೊನೆಗೆ ಅವನೇ ಸ್ಟೂಲು ಹತ್ತಿ ಅದನ್ನು ಕಿತ್ತ.

ಆ ಕಂಪನಿಯ ಸಹವಾಸವೇ ಬೇಡವೆಂದು ಇಬ್ಬರೂ ರಸ್ತೆ ದಾಟಿ ಇನ್ನೊಂದು ಕಂಪನಿಯ ಅಂಗಡಿಗೆ ಹೋದರು. ಬಾಗಿಲ ಮೇಲೆ ಅದೇ ಪದ, ಇನ್ನೂ ದಪ್ಪ ಅಕ್ಷರಗಳಲ್ಲಿ. ಅತ್ತೆ ನಿಟ್ಟುಸಿರಿಟ್ಟಳು. ಟೈಲರಮ್ಮ ಅವಳ ರಟ್ಟೆ ಹಿಡಿದು ಆ ಮೆಟ್ಟಿಲನ್ನೂ ಹತ್ತಿದಳು.